ನೋಡೋರ ಕಾಡು, ಬಾಳೋರ ಮುಳ್ಳು

ಕಾಡು ನೋಡಲು ಹೋಗುವವರು ಬೇರೆ, ಕಾಡಿನಿಂದ ಹೊರಕ್ಕೆ ನಡಿ ಅನ್ನಿಸಿಕೊಂಡವರು ಬೇರೆ. ಇಬ್ಬರೂ ಎದುರುಬದುರಾಗುವ ಜಾಗ ಕಾಡಿನ ಗೇಟು. ಒಬ್ಬ ಟಿಕೆಟಿಗೆ ದುಡ್ಡು ಕೊಟ್ಟು ಒಳಗೆ ಹೋಗುತ್ತಾನೆ. ಇನ್ನೊಬ್ಬ ತಲೆ ಮೇಲಿನ ಸೌದೆ ಹೊರೆ ಇಳಿಸಿ, ಕೈ ಕಟ್ಟಿ ನಿಂತು, ದಂಡ ತೆತ್ತು ಹೊರಗೆ ಬರುತ್ತಾನೆ. ಮೊದಲನೆಯವನನ್ನು ಪ್ರವಾಸಿ ಅಂತಾರೆ, ಎರಡನೆಯವನನ್ನು ಕಳ್ಳ ಅಂತಾರೆ. ಈ ಗೇಟು ನಮ್ಮ ನಾಗರಹೊಳೆಯಲ್ಲೂ ಇದೆ, ಸಮುದ್ರದಾಚೆ ಮಡಗಾಸ್ಕರಿನಲ್ಲೂ ಇದೆ. ಈ ಬರಹ ಮಡಗಾಸ್ಕರಿನ ಒಂದು ಕಾಡಿನ ಬಗ್ಗೆ. ಅದರ ಹೆಸರು ಆಂಡೊಹಾಹೇಲ.

ಎಲ್ಲಿಯ ಮಡಗಾಸ್ಕರ್, ಎಲ್ಲಿಯ ನಮ್ಮ ಕೇರಿ ಎಂದು ಪುಟ ತಿರುಗಿಸಬೇಡಿ. ಮೇಷ್ಟ್ರೇ, ಬೇಸಿಗೆಯಲ್ಲಿ ನಿಮ್ಮ ಸ್ಕೂಲಿನ ಅಂಗಳದಲ್ಲಿ ಕೆಂಡ ಸುರಿದ ಹಾಗೆ ಹೂ ಬಿಡುವ ಗುಲ್‌ಮೊಹರ್ ಇದೆಯಲ್ಲ, ಹುಡುಗರು ಅದರ ಕಾಯಿ ಕಿತ್ತು ಕತ್ತಿವರಸೆ ಆಡುತ್ತಾರಲ್ಲ, ಆ ಮರದ ತವರು ಮಡಗಾಸ್ಕರ್. ನಮ್ಮ ಮಣ್ಣು ಗೋಡೆಗಳ ಬುಡದಲ್ಲಿ ಯಾರೂ ನೀರು ಹಾಕದೆ ಬೆಳೆಯುವ ನಿತ್ಯಪುಷ್ಪದ ತವರೂ ಅದೇ. ಆ ಗಿಡದಿಂದ ಕ್ಯಾನ್ಸರಿಗೆ ಎರಡು ಔಷಧ ತೆಗೆದರು: ವಿನ್‌ಬ್ಲಾಸ್ಟೀನ್, ವಿನ್‌ಕ್ರಿಸ್ಟೀನ್. 1960ರ ದಶಕದಿಂದ ಅವು ಪೇಟೆಯಲ್ಲಿವೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಇವತ್ತೂ ಕೊಡುತ್ತಾರೆ. ಮಾರಿದ ಅಮೆರಿಕದ ಕಂಪನಿಗೆ ಲಾಭ ಬಂತು. ಗಿಡದ ತವರಿಗೆ ಪಾಲು ಬರಲಿಲ್ಲ. ಆ ದೇಶದ ಕತೆ ಇಷ್ಟು ಸಾಲಿನಲ್ಲೇ ಗೊತ್ತಾಗುತ್ತೆ: ಅಲ್ಲಿನದು ಲೋಕಕ್ಕೆಲ್ಲ ಬೇಕು, ಅಲ್ಲಿನವರು ಯಾರಿಗೂ ಬೇಡ.

ನಾನು ಆಂಡೊಹಾಹೇಲಕ್ಕೆ ಹೋಗಿಲ್ಲ. ಅಲ್ಲಿಗೆ ಹೋಗಿಬರುವ ವಿಮಾನದ ಖರ್ಚಿನಲ್ಲಿ ನಮ್ಮ ಹಟ್ಟಿಯ ಒಂದು ಮನೆ ಎಷ್ಟು ತಿಂಗಳು ಉಣ್ಣಬಹುದು ಅನ್ನೋ ಲೆಕ್ಕ ನನಗೆ ಬರುತ್ತದೆ. ಓದಿ ತಿಳಿದಿದ್ದೇನೆ. ನಮ್ಮ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲನೆಯವನು ನಾನು. ಓದಿದ್ದನ್ನು ಕೇರಿಗೆ ತಂದು ಹೇಳದಿದ್ದರೆ ಆ ಓದು ದಂಡ.

*

ಮೊದಲು ನೆಲ ಹೇಗಿದೆ ನೋಡೋಣ. ಮಡಗಾಸ್ಕರಿನ ದಕ್ಷಿಣದ ತುದಿಯಲ್ಲಿ ಆನೋಸಿ ಎಂಬ ಬೆಟ್ಟಸಾಲು ಉತ್ತರ ದಕ್ಷಿಣವಾಗಿ ಮಲಗಿದೆ. ಪೂರ್ವದ ಸಮುದ್ರದಿಂದ ಬರುವ ಗಾಳಿ ಹೊತ್ತು ತಂದ ನೀರನ್ನೆಲ್ಲ ಬೆಟ್ಟದ ಆ ಮಗ್ಗುಲಲ್ಲೇ ಸುರಿದು ಬರಿಗೈಲಿ ಈ ಕಡೆ ಇಳಿಯುತ್ತದೆ. ಹೀಗಾಗಿ ಪೂರ್ವಕ್ಕೆ ಕತ್ತಲು ಕವಿದ ಮಳೆಕಾಡು, ಮರದ ಮೇಲೆಲ್ಲ ಪಾಚಿ, ಜರೀಗಿಡ. ಪಶ್ಚಿಮಕ್ಕೆ ಇಳಿದರೆ ಮುಳ್ಳುಕಾಡು, ಎಲೆಗಿಂತ ಮುಳ್ಳೇ ಹೆಚ್ಚು. ಆಗುಂಬೆಯಿಂದ ಚಳ್ಳಕೆರೆಗೆ ಬರುವಷ್ಟರಲ್ಲಿ ನಮ್ಮಲ್ಲಿ ಆಗುವ ಬದಲಾವಣೆ ಅಲ್ಲಿ ಕೆಲವೇ ಮೈಲಿಯಲ್ಲಿ ಆಗಿಬಿಡುತ್ತದೆ. ಬೆಟ್ಟದ ನೆತ್ತಿಯ ಎತ್ತರ 1,956 ಮೀಟರ್.

ರಾಷ್ಟ್ರೀಯ ಉದ್ಯಾನ ಒಟ್ಟು ಸುಮಾರು 76,000 ಹೆಕ್ಟೇರ್. ಅದರಲ್ಲಿ ಮೂರು ತುಂಡು. ಮಳೆಕಾಡಿನದು ಸುಮಾರು 63,000 ಹೆಕ್ಟೇರ್, ಮುಳ್ಳುಕಾಡಿನದು ಸುಮಾರು 12,000. ಎರಡರ ನಡುವೆ, ಅದೂ ಅಲ್ಲದ ಇದೂ ಅಲ್ಲದ ಜಾಗ 500 ಹೆಕ್ಟೇರ್. ಆ ನಡುವಿನ ನೆಲದಲ್ಲಿ ಒಂದು ತಾಳೆ ಜಾತಿಯ ಮರ ಇದೆ. ಅದರ ಗರಿಗಳು ಮೂರು ಸಾಲಾಗಿ ಬರುವುದರಿಂದ ಕಾಂಡ ಮುಮ್ಮೂಲೆಯಾಗಿ ಕಾಣುತ್ತದೆ. ಕಾಡಿನಲ್ಲಿ ತಾನಾಗಿ ಬೆಳೆಯುವುದು ಆ ಒಂದು ಮೂಲೆಯಲ್ಲಿ ಮಾತ್ರ. ನರ್ಸರಿಯವರು ಮಾತ್ರ ಅದನ್ನು ಲೋಕಕ್ಕೆಲ್ಲ ಹಂಚಿದ್ದಾರೆ. ನಮ್ಮ ದೇಶದ ದೊಡ್ಡ ಬಂಗಲೆಗಳ ಮುಂದೆಯೂ ಶೋಕಿಗೆ ನಿಂತಿರುತ್ತದೆ.

ಮುಳ್ಳುಕಾಡಿನಲ್ಲಿ ಇನ್ನೊಂದು ಮರ. ಕಂಬದ ಹಾಗೆ ನೆಟ್ಟಗೆ ಮೇಲಕ್ಕೆ ಹೋಗುತ್ತದೆ, ಮೈತುಂಬ ಮುಳ್ಳು, ಮುಳ್ಳುಗಳ ನಡುವೆ ಬೆರಳುಗುರಿನಷ್ಟು ಎಲೆ. ಆ ಮುಳ್ಳಿನ ಮೇಲೆ ಬಿಳಿ ಮೈಯ ಸಿಫಾಕಾ ಅನ್ನೋ ಪ್ರಾಣಿ ಹೂವಿನ ಮೇಲೆ ಹಾರಿದಂತೆ ಹಾರುತ್ತದೆ. ಲೀಮರ್ ಕುಲದ್ದು, ನಮ್ಮ ಕಾಡುಪಾಪನ ದೂರದ ನೆಂಟ. ಇವೆಲ್ಲ ಭೂಮಿಯ ಮೇಲೆ ಬೇರೆಲ್ಲೂ ಇಲ್ಲ.

ನೋಡಬೇಕಾದ್ದೇ. ಅನುಮಾನವಿಲ್ಲ. ಈ ಕಾಡು ಚೆಂದವಲ್ಲ ಅಂತ ನಾನು ಹೇಳುತ್ತಿಲ್ಲ. ಚೆಂದವನ್ನು ನೋಡೋ ಹಕ್ಕು ಯಾರಿಗೆ ಬಂತು, ಹೇಗೆ ಬಂತು ಅನ್ನೋದು ನನ್ನ ಪ್ರಶ್ನೆ.

*

ಹೆಸರಿನಿಂದಲೇ ಶುರು ಮಾಡೋಣ. ಹೆಸರು ಇಡುವವನೇ ಯಜಮಾನ ಅನ್ನೋದು ನಮಗೆ ಯಾರೂ ಪಾಠ ಮಾಡಬೇಕಾಗಿಲ್ಲ. ನಮ್ಮ ಅಜ್ಜಂದಿರ ಹೆಸರುಗಳನ್ನು ಹೇಗೆ ಮುರಿದು, ಮೊಟಕು ಮಾಡಿ, 'ಲೇ' ಸೇರಿಸಿ ಕರೆದರು ಎಂಬುದು ನೆನಪಿದೆ.

ಆ ಮುಮ್ಮೂಲೆ ತಾಳೆಗೆ ಅಲ್ಲಿನ ಜನ ಲಾಫಾ ಅಂತಿದ್ದರು. ವಿಜ್ಞಾನದ ಪುಸ್ತಕದಲ್ಲಿ ಅದಕ್ಕೆ ರೇಮಂಡ್ ಡೆಕಾರಿ ಎಂಬ ಫ್ರೆಂಚ್ ಆಡಳಿತಾಧಿಕಾರಿಯ ಹೆಸರು. ಕಂಬದಂಥ ಮುಳ್ಳುಮರವನ್ನು ಜನ ಫಾಂತ್ಸಿಲೊತ್ರ ಅಂತಿದ್ದರು. ಅದಕ್ಕೆ ಆಲ್ಯುಓ ಎಂಬ ಫ್ರೆಂಚ್ ಪ್ರವಾಸಿ ವಿಜ್ಞಾನಿಯ ಹೆಸರು. ಅದೇ ಕುಲದ ಇನ್ನೊಂದು ಗಿಡಕ್ಕೆ ಗ್ರಾಂಡಿಡಿಯೆ ಎಂಬ ಮತ್ತೊಬ್ಬ ಫ್ರೆಂಚನ ಹೆಸರು. ಮುಳ್ಳಿನ ಮೇಲೆ ಹಾರುವ ಸಿಫಾಕಾ ಕೂಡ ವೆರೋ ಎಂಬ ಯುರೋಪಿಯನ್ನನ ಸೊತ್ತು. ಆ ಮರದ ಹಲಗೆಯಿಂದ ಮನೆ ಕಟ್ಟಿದವರು ಯಾರು? ಯಾವ ಮರದ ನೆರಳಿನಲ್ಲಿ ದನ ನಿಲ್ಲುತ್ತೆ, ಯಾವುದು ಸುಟ್ಟರೆ ಹೊಗೆ ಕಣ್ಣಿಗೆ ಕೆಟ್ಟದ್ದು ಅಂತ ಕಂಡುಕೊಂಡವರು ಯಾರು? ಅವರ ಒಂದು ಹೆಸರೂ ಆ ಪಟ್ಟಿಯಲ್ಲಿಲ್ಲ. ವಿಜ್ಞಾನಿಗಳು ಗಿಡವನ್ನು 'ಕಂಡುಹಿಡಿದರು' ಅಂತ ಬರೆದಿದ್ದಾರೆ. ಗಿಡ ಕಳೆದುಹೋಗಿತ್ತೇ ಸ್ವಾಮಿ?

ಆ ಕಾಡಿನ ಪೂರ್ವಕ್ಕೆ ಅಂತನೋಸಿ ಜನ, ಪಶ್ಚಿಮಕ್ಕೆ ಅಂತಂಡ್ರೋಯ್ ಜನ. ಅಂತಂಡ್ರೋಯ್ ಅಂದರೆ ಮುಳ್ಳಿನ ನಾಡಿನವರು. ಮುಳ್ಳೇ ಅವರ ಹೆಸರು. ಅದನ್ನೊಂದು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿತ್ತುಕೊಂಡಾಯಿತು.

*

ಫ್ರಾನ್ಸ್ 1896ರಲ್ಲಿ ಮಡಗಾಸ್ಕರನ್ನು ತನ್ನ ವಸಾಹತು ಎಂದು ಸಾರಿತು. ತಲೆಗಂದಾಯ ಹಾಕಿತು. ತಲೆಗಂದಾಯ ಕಟ್ಟೋಕೆ ಕಾಸು ಬೇಕು, ಕಾಸು ಬೇಕಂದರೆ ಬಿಳಿಯರ ತೋಟದಲ್ಲಿ ಕೂಲಿ ಮಾಡಬೇಕು. 1926ರಿಂದ ರಸ್ತೆ, ರೈಲು ಕಟ್ಟೋಕೆ ಬಿಟ್ಟಿ ದುಡಿಮೆಯ ಪಡೆಗಳನ್ನೇ ಮಾಡಿದರು. ಅದೇ ಸರ್ಕಾರ ಅದಾದ ಮಾರನೆಯ ವರ್ಷ, 1927ರಲ್ಲಿ, ಹತ್ತು ಕಾಡುಗಳನ್ನು 'ಪೂರ್ಣ ರಕ್ಷಿತ ಪ್ರಕೃತಿ' ಎಂದು ಬೇಲಿಯೊಳಗೆ ಸೇರಿಸಿತು. 1939ರಲ್ಲಿ ಆಂಡೊಹಾಹೇಲ ಹನ್ನೊಂದನೆಯದಾಯಿತು.

ಪೂರ್ಣ ರಕ್ಷಿತ ಅಂದರೆ ಏನು? ಜನ ಕಾಲಿಡಕೂಡದು. ದನ ಮೇಯಿಸಕೂಡದು, ಜೇನು ಕೀಳಕೂಡದು, ಒಣ ಪುಳ್ಳೆ ಆಯಕೂಡದು. ಪರವಾನಗಿ ಪಡೆದ ವಿಜ್ಞಾನಿ ಮಾತ್ರ ಒಳಗೆ ಹೋಗಬಹುದು. ಮೈಲಿಗೆ ಅನ್ನೋ ಪದ ಫ್ರೆಂಚರಿಗೆ ಗೊತ್ತಿರಲಿಲ್ಲ, ಕೆಲಸ ಮಾತ್ರ ಚೆನ್ನಾಗಿ ಗೊತ್ತಿತ್ತು. ಗರ್ಭಗುಡಿಗೆ ಕಲ್ಲು ಹೊತ್ತವನು ಗರ್ಭಗುಡಿಯ ಬಾಗಿಲಾಚೆ ನಿಲ್ಲಬೇಕು ಅನ್ನೋ ನ್ಯಾಯ ಕಾಡಿಗೂ ಬಂತು.

ದೇಶ 1960ರಲ್ಲಿ ಸ್ವತಂತ್ರವಾಯಿತು, ಬೇಲಿ ಸ್ವತಂತ್ರವಾಗಲಿಲ್ಲ. 1998ರಲ್ಲಿ ಆಂಡೊಹಾಹೇಲ ರಾಷ್ಟ್ರೀಯ ಉದ್ಯಾನವಾಯಿತು. ಆಗ ವಿಜ್ಞಾನಿಯ ಜೊತೆಗೆ ಪ್ರವಾಸಿಗೂ ಬಾಗಿಲು ತೆಗೆಯಿತು. 2007ರಲ್ಲಿ ಮಡಗಾಸ್ಕರಿನ ಪೂರ್ವದ ಮಳೆಕಾಡುಗಳ ಜೊತೆ ಸೇರಿಸಿ ಯುನೆಸ್ಕೋ ಅದಕ್ಕೆ ವಿಶ್ವ ಪರಂಪರೆಯ ಪಟ್ಟ ಕಟ್ಟಿತು. ಬೀಟೆ ಜಾತಿಯ ಮರದ ಕಳ್ಳಸಾಗಣೆ ಜೋರಾಗಿ 2010ರಲ್ಲಿ ಆ ಕಾಡುಗಳನ್ನು ಅಪಾಯದ ಪಟ್ಟಿಗೆ ಹಾಕಿದರು, 2025ರಲ್ಲಿ ತೆಗೆದರು. ವಿಶ್ವದ ಪರಂಪರೆಯಂತೆ! ವಿಶ್ವ ಅಂದರೆ ಯಾರು? ಟಿಕೆಟು ಕೊಳ್ಳಬಲ್ಲವರು. ಬೇಲಿಯ ಪಕ್ಕದ ಊರಿನ ಹೆಂಗಸು ವಿಶ್ವದಲ್ಲಿ ಸೇರಿದವಳಲ್ಲ.

*

ಈಗ ಕಳ್ಳಿಯ ಕತೆ ಹೇಳುತ್ತೇನೆ. ಇದು ಗೊತ್ತಿಲ್ಲದೆ ಆ ಮುಳ್ಳುನಾಡು ಅರ್ಥವಾಗುವುದಿಲ್ಲ.

ನಮ್ಮ ಬದುವಿನ ಮೇಲೆ ಬೆಳೆಯುವ ಪಾಪಾಸುಕಳ್ಳಿ ಗೊತ್ತಲ್ಲ. ಹಣ್ಣು ತಿಂದು ನಾಲಿಗೆ ಕೆಂಪಗೆ ಮಾಡಿಕೊಂಡವರು ನಮ್ಮಲ್ಲಿ ಎಷ್ಟೋ ಜನ. ಅದು ಮೂಲದಲ್ಲಿ ಅಮೆರಿಕ ಖಂಡದ ಗಿಡ. ಮಡಗಾಸ್ಕರಿನ ದಕ್ಷಿಣಕ್ಕೆ 1769ರ ಸುಮಾರಿಗೆ ಫ್ರೆಂಚರೇ ಅದನ್ನು ತಂದರು, ಕೋಟೆಗೆ ಬೇಲಿಯಾಗಲಿ ಅಂತ. ಅಂತಂಡ್ರೋಯ್ ಜನ ಅದನ್ನು ರಕೇತ ಎಂದು ಕರೆದು ತಮ್ಮದು ಮಾಡಿಕೊಂಡರು. ಊರಿಗೆ ಬೇಲಿಯಾಯಿತು, ಶತ್ರುವಿಗೆ ಗೋಡೆಯಾಯಿತು. ಮಳೆ ಬಾರದ ತಿಂಗಳುಗಳಲ್ಲಿ ಜನ ಹಣ್ಣು ತಿಂದರು. ಮುಳ್ಳು ಸುಟ್ಟು ಅದರ ದಪ್ಪ ಎಲೆಯನ್ನು ದನಗಳಿಗೆ ಹಾಕಿದರು. ಮೇವೂ ಅದೇ, ನೀರೂ ಅದೇ. ಡುಬ್ಬದ ದನವೇ ಆ ಜನರ ಆಸ್ತಿ, ಮಾನ, ಸಾವಿನ ಮನೆಯ ಕರ್ಮ, ಎಲ್ಲಾ. ಕಳ್ಳಿ ಇದ್ದರೆ ದನ ಇರುತ್ತೆ, ದನ ಇದ್ದರೆ ಮನುಷ್ಯ ಯಾರ ಮುಂದೆಯೂ ಬಗ್ಗಬೇಕಾಗಿಲ್ಲ.

ಬಗ್ಗದೆ ಇರೋದೇ ತಪ್ಪಾಯಿತು. ದಂಡು ತಂದ ಫ್ರೆಂಚರಿಗೆ ಆ ಕಳ್ಳಿಬೇಲಿ ದಾಟಲಾಗುತ್ತಿರಲಿಲ್ಲ. ತೋಟದವರಿಗೆ ಕೂಲಿಗಳು ಸಿಗುತ್ತಿರಲಿಲ್ಲ. ವಸಾಹತಿನ ಅಧಿಕಾರಿಗಳಲ್ಲಿ, ವಿಜ್ಞಾನಿಗಳಲ್ಲಿ ಒಂದು ಗುಂಪು ಕಳ್ಳಿಯನ್ನು ಸೋಮಾರಿತನದ ಗಿಡ ಎಂದು ಕಂಡಿತು. ಬೇಡ, ಅದು ಅವರ ಅನ್ನ ಎಂದವರೂ ಇದ್ದರು. ಅವರ ಮಾತು ನಡೆಯಲಿಲ್ಲ.

1924ರಲ್ಲಿ ಅಂತಾನಾನರಿವೊ ನಗರದಲ್ಲಿ ಕಳ್ಳಿಯ ಮೇಲೆ ಒಂದು ಹುಳವನ್ನು ತಂದು ಬಿಟ್ಟರು. ಬಿಳಿ ಹತ್ತಿ ಅಂಟಿದ ಹಾಗೆ ಕಾಣುವ ಹುಳ, ಹಿಸುಕಿದರೆ ರಕ್ತದಂಥ ಕೆಂಪು. ಹುಳ ದಕ್ಷಿಣಕ್ಕೆ ಬಂತು. 1929ರ ಹೊತ್ತಿಗೆ ಅಲ್ಲಿನ ಕಳ್ಳಿ ಕೊಳೆತು ನೆಲಕ್ಕೆ ಬಿತ್ತು. ಮಳೆಯೂ ಕೈಕೊಟ್ಟಿತು. ದನ ಸತ್ತವು, ಆಮೇಲೆ ಜನ ಸತ್ತರು. 1930-31ರ ಆ ಕ್ಷಾಮದಲ್ಲಿ ಊರಿಗೂರೇ ಬರಿದಾದವು. ಉಳಿದ ಗಂಡಸರು ಹೊಟ್ಟೆ ಹಿಡಿದುಕೊಂಡು ಕೂಲಿಗೆ ಹೊರಟರು. ಯಾವ ಕೂಲಿಗೆ ಬರಲ್ಲ ಅಂತ ದೂರು ಇತ್ತೋ ಅದೇ ಕೂಲಿಗೆ.

ಇದೇ ಕುಲದ ಹುಳವನ್ನು 1926ರಲ್ಲಿ ಸಿಲೋನಿನಿಂದ ನಮ್ಮ ದಕ್ಷಿಣ ಭಾರತಕ್ಕೂ ತಂದರು. ಇಲ್ಲಿ ಕಳ್ಳಿ ಹೊಲ, ಗೋಮಾಳ ಎಲ್ಲ ನುಂಗಿ ಹಾಕಿತ್ತು, ಅದು ಸತ್ತದ್ದು ರೈತನಿಗೆ ಒಳ್ಳೆಯದೇ ಆಯಿತು. ಅದೇ ಕುಲದ ಹುಳ, ಅದೇ ಕುಲದ ಗಿಡ. ಇಲ್ಲಿ ಉಪಕಾರ, ಅಲ್ಲಿ ಕೊಲೆ. ಹುಳಕ್ಕೆ ಪಾಪ ಏನು ಗೊತ್ತು? ಅಲ್ಲಿ ಬದುಕುವವರನ್ನು ಒಂದು ಮಾತು ಕೇಳಿದ್ದರೆ ಸಾಕಿತ್ತು. ಕೇಳಲಿಲ್ಲ. ಕೇಳುವ ವಾಡಿಕೆಯೇ ಇರಲಿಲ್ಲ.

ಈಗ ವರ್ಷಗಳನ್ನು ಒಂದರ ಪಕ್ಕ ಒಂದು ಇಡಿ. 1929ರಲ್ಲಿ ಕಳ್ಳಿ ಸತ್ತಿತು. 1931ರ ತನಕ ಜನ ಸತ್ತರು. 1939ರಲ್ಲಿ ಪಕ್ಕದ ಕಾಡಿಗೆ ಬೇಲಿ ಬಿತ್ತು, ಜನರಿಂದ ಪ್ರಕೃತಿಯನ್ನು ಕಾಪಾಡೋಕೆ! ಒಂದೇ ಸರ್ಕಾರ, ಹತ್ತೇ ವರ್ಷ. ಒಂದು ಕೈಯಲ್ಲಿ ಹುಳ, ಒಂದು ಕೈಯಲ್ಲಿ ಬೇಲಿ.

*

ಅದೇ ಕಾಲದಲ್ಲಿ ಬೆಟ್ಟದ ಪಶ್ಚಿಮಕ್ಕೆ, ಮಂದ್ರಾರೆ ನದಿಯ ಬಯಲಿನಲ್ಲಿ, ಕತ್ತಾಳೆ ತೋಟಗಳು ಎದ್ದವು. ಹಗ್ಗಕ್ಕೆ ನಾರು ಕೊಡುವ ಕತ್ತಾಳೆಯೇ, ನಮ್ಮ ಹೊಲದಂಚಿನದರ ನೆಂಟ. ಅದಕ್ಕೆ ಸಾವಿರಾರು ಹೆಕ್ಟೇರ್ ಮುಳ್ಳುಕಾಡನ್ನು ಬುಡಸಮೇತ ಕಿತ್ತರು. ಇವತ್ತಿಗೂ ಅಲ್ಲಿ ನಿಂತರೆ ಕಣ್ಣು ಹಾಯುವ ತನಕ ಕತ್ತಾಳೆ ಸಾಲು. ತೋಟದವರು ನದಿಯ ದಡದಲ್ಲಿ ಇನ್ನೂರೈವತ್ತು ಹೆಕ್ಟೇರಿನಷ್ಟು ಕಾಡನ್ನು ಮಾತ್ರ ಬಿಟ್ಟು 1936ರಲ್ಲಿ ರಕ್ಷಿತ ಎಂದು ಹೆಸರಿಟ್ಟರು. ಅದೇ ಬೆರೆಂಟಿ. ಲೀಮರ್ ನೋಡಲು ಹೋಗುವ ಪ್ರವಾಸಿಗೆ ಇವತ್ತು ದೊಡ್ಡ ಯಾತ್ರಾಸ್ಥಳ. ಸಾವಿರಾರು ಹೆಕ್ಟೇರ್ ಕಡಿದವನು ಇನ್ನೂರೈವತ್ತು ಉಳಿಸಿ ಪ್ರಕೃತಿ ಪ್ರೇಮಿಯಾಗುತ್ತಾನೆ. ಒಂದು ಎಕರೆ ಸುಟ್ಟು ಮುಸುಕಿನ ಜೋಳ ಬಿತ್ತಿದವನು ಕಾಡಿನ ಶತ್ರುವಾಗುತ್ತಾನೆ.

ಪೂರ್ವದ ಕರಾವಳಿಗೆ ಬನ್ನಿ. ಪ್ರವಾಸಿಗಳು ವಿಮಾನ ಇಳಿಯುವ ತೊಲಾನ್ಯಾರು ಪಟ್ಟಣದ ಪಕ್ಕ, ಅದೇ ಫ್ರೆಂಚರ ಫೋರ್ಟ್ ಡೋಫಿನ್, ಸಮುದ್ರದಂಚಿನ ಮರಳುಕಾಡನ್ನು ತೆಗೆದು ಇಲ್ಮೆನೈಟ್ ಗಣಿ ನಡೆಯುತ್ತಿದೆ. 2009ರಿಂದ ಅದಿರು ಹಡಗಿನಲ್ಲಿ ಹೊರಗೆ ಹೋಗುತ್ತಿದೆ. ಹೆಚ್ಚಿನ ಪಾಲು ರಿಯೋ ಟಿಂಟೋ ಕಂಪನಿಯದು, ಉಳಿದದ್ದು ಸರ್ಕಾರದ್ದು. ಆ ಮರಳಿನಿಂದ ಕೊನೆಗೆ ಏನು ತೆಗೆಯುತ್ತಾರೆ ಗೊತ್ತೇ? ಬಿಳಿ ಬಣ್ಣ. ಗೋಡೆಗೆ ಬಳಿಯೋ ಪೇಂಟಿಗೆ, ಹಲ್ಲುಜ್ಜೋ ಪೇಸ್ಟಿಗೆ ಬಿಳುಪು ಕೊಡುವ ಪುಡಿ. ಕಪ್ಪು ಜನರ ಕಾಡು ಕಡಿದು ಲೋಕಕ್ಕೆ ಬಿಳುಪು ಹಂಚುತ್ತಾರೆ. ಕಡಿದ ಕಾಡಿಗೆ ಪ್ರಾಯಶ್ಚಿತ್ತವಾಗಿ ಬೇರೆ ಕಡೆ ಇನ್ನೊಂದು ಕಾಡನ್ನು ಉಳಿಸುತ್ತೇವೆ ಎಂದು ಕಂಪನಿ ಹೇಳುತ್ತದೆ. ಉಳಿಸೋದು ಅಂದರೆ ಅಲ್ಲಿನ ಊರವರ ಬೇಸಾಯಕ್ಕೆ ತಡೆ ಹಾಕೋದು. ಪಾಪ ಕಂಪನಿಯದು, ಉಪವಾಸ ಊರವರದು. ಈ ಧರ್ಮಶಾಸ್ತ್ರ ನಮಗೆ ಹೊಸದಲ್ಲ.

*

2021ರಲ್ಲಿ ಆ ದಕ್ಷಿಣದ ಸೀಮೆಯಲ್ಲಿ ಮತ್ತೆ ಬರ. ಹನ್ನೊಂದು ಲಕ್ಷಕ್ಕೂ ಹೆಚ್ಚು ಜನ ಹೊಟ್ಟೆಗಿಲ್ಲದೆ ಒದ್ದಾಡಿದರು. ಮಿಡತೆ, ಕಳ್ಳಿ ಎಲೆ, ಹುಣಸೆ ಹಣ್ಣಿನ ಜೊತೆ ಬೂದಿ ಮಣ್ಣು ಕಲಸಿ ತಿಂದರು. ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದವರು ಇದು ಹವಾಮಾನ ಬದಲಾವಣೆಯಿಂದ ಬಂದ ಕ್ಷಾಮ ಎಂದರು. ಪತ್ರಿಕೆಗಳೆಲ್ಲ ಅದನ್ನೇ ಬರೆದವು. ಅದೇ ವರ್ಷ ಡಿಸೆಂಬರಿನಲ್ಲಿ ವರ್ಲ್ಡ್ ವೆದರ್ ಆಟ್ರಿಬ್ಯೂಶನ್ ಎಂಬ ವಿಜ್ಞಾನಿಗಳ ತಂಡ ಲೆಕ್ಕ ಹಾಕಿ ಹೇಳಿತು: ಈ ಮಳೆ ಕೊರತೆಯಲ್ಲಿ ಹವಾಮಾನ ಬದಲಾವಣೆಯ ಪಾಲು ತೀರ ಕಡಿಮೆ, ಬಡತನ, ರಸ್ತೆ ನೀರು ಏನೂ ಇಲ್ಲದಿರೋದು, ಮಳೆಯೊಂದನ್ನೇ ನಂಬಿದ ಬೇಸಾಯ, ಇವೇ ಬರವನ್ನು ಹಸಿವು ಮಾಡಿದವು.

ಯಾಕೆ ಈ ಮಾತು ಮುಖ್ಯ? ಆಕಾಶದ ಮೇಲೆ ತಪ್ಪು ಹಾಕಿದರೆ ನೆಲದ ಮೇಲಿನ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮ ಅಜ್ಜಿಗೆ ಕರ್ಮ ಅಂತ ಹೇಳಿಕೊಟ್ಟರು. ಅಂತಂಡ್ರೋಯ್ ಅಜ್ಜಿಗೆ ಹವಾಮಾನ ಅಂತ ಹೇಳಿಕೊಡುತ್ತಿದ್ದಾರೆ. ಭೂಮಿ ಬಿಸಿಯಾಗುತ್ತಿರುವುದು ನಿಜ, ಅದನ್ನು ಬಿಸಿ ಮಾಡಿದವರೂ ಅವರಲ್ಲ. ಆದರೆ ನೂರು ವರ್ಷದ ಸುಲಿಗೆಯನ್ನೆಲ್ಲ ಮೋಡದ ತಲೆಗೆ ಕಟ್ಟಿದರೆ ಅದು ವಿಜ್ಞಾನವಲ್ಲ, ಹೊಸ ಪುರೋಹಿತಶಾಹಿ.

ಬರ ಬಂದಾಗ ಬಡವ ಏನು ಮಾಡುತ್ತಾನೆ? ಬೇಲಿ ದಾಟುತ್ತಾನೆ. ಮುಳ್ಳುಕಾಡು ಸುಟ್ಟು ಎರಡು ಬೆಳೆ ತೆಗೆಯುತ್ತಾನೆ, ಇದ್ದಿಲು ಸುಟ್ಟು ರಸ್ತೆಬದಿ ಮಾರುತ್ತಾನೆ. ಆ ಇದ್ದಿಲಿನಲ್ಲಿ ಅನ್ನ ಬೇಯಿಸುವುದು ಪಟ್ಟಣ. ಸುಟ್ಟವನ ಕೈ ಕಪ್ಪು, ಉಂಡವನ ಕೈ ಶುದ್ಧ.

*

ಮೇಷ್ಟ್ರೇ, ಇಲ್ಲಿ ನಿಮ್ಮ ಹತ್ತಿರ ಒಂದು ಜಗಳ ಇದೆ. ನಮ್ಮ ಪಾಠಗಳಲ್ಲಿ ಒಂದು ಸಾಲು ಬರುತ್ತದೆ: ಕುಮರಿ ಬೇಸಾಯದಿಂದ ಕಾಡು ನಾಶವಾಯಿತು. ಮಕ್ಕಳು ಬಾಯಿಪಾಠ ಮಾಡುತ್ತಾರೆ, ಎರಡು ಮಾರ್ಕು ತಗೋತಾರೆ. ಆ ಸಾಲು ಯಾರು ಬರೆದದ್ದು? ಕೆನರಾದ ಕಾಡಿನಲ್ಲಿ ಕುಮರಿಯನ್ನು ತಡೆದ ಬ್ರಿಟಿಷರು 19ನೇ ಶತಮಾನದಲ್ಲಿ ಬರೆದದ್ದು. ಅದೇ ಬ್ರಿಟಿಷರು ಅದೇ ಕಾಡಿನ ತೇಗವನ್ನು ಹಡಗಿಗೂ ರೈಲುಹಳಿಗೂ ಸಾಗಿಸಿದರು. ಆ ಎರಡನೆಯ ಸಾಲು ಪಾಠದಲ್ಲಿ ಇರಲ್ಲ. ಮಡಗಾಸ್ಕರಿನಲ್ಲಿ ಕುಮರಿಗೆ ತವಿ ಅಂತಾರೆ, ಮುಳ್ಳುಕಾಡಿನದಕ್ಕೆ ಹತ್ಸಾಕೆ ಅಂತಾರೆ. ಅಲ್ಲಿನ ಪಾಠದ ಸಾಲನ್ನು ಫ್ರೆಂಚರು ಬರೆದರು. ಭಾಷೆ ಬೇರೆ, ಸಾಲು ಒಂದೇ.

ನನ್ನವ್ವ ಸೌದೆಗೆ ಹೋದಾಗ ಒಬ್ಬ ಗಾರ್ಡು ಅವಳ ಕುಡುಗೋಲು ಕಿತ್ತುಕೊಂಡು ಕಳಿಸಿದ್ದ. ಅದೇ ವಾರ ಅದೇ ದಾರಿಯಲ್ಲಿ ಲಾರಿ ಲಾರಿ ದಿಮ್ಮಿ ಇಳಿಯಿತು. ಕುಡುಗೋಲಿಗೆ ಕಾನೂನು ಇದೆ, ಲಾರಿಗೆ ಪರ್ಮಿಟ್ಟು ಇದೆ. ಅವ್ವನಿಗೆ ಓದು ಬರುತ್ತಿರಲಿಲ್ಲ, ಈ ವ್ಯತ್ಯಾಸ ಮಾತ್ರ ಚೆನ್ನಾಗಿ ಗೊತ್ತಾಯಿತು.

ನಾಗರಹೊಳೆಯಲ್ಲಿ ಜೇನುಕುರುಬರನ್ನು ಹಾಡಿಯಿಂದ ಎಬ್ಬಿಸಿದ ಸರ್ಕಾರ ಅದೇ ಕಾಡಿನೊಳಗೆ ದೊಡ್ಡ ಹೋಟೆಲ್ ಕಂಪನಿಗೆ ಜಾಗ ಕೊಟ್ಟಿತು. ಆದಿವಾಸಿಗಳು ಬೀದಿಗಿಳಿದು ಹೋರಾಡಿ, ಕೋರ್ಟಿಗೆ ಹೋಗಿ, 1997ರಲ್ಲಿ ಹೈಕೋರ್ಟಿನಿಂದ ಅದನ್ನು ತಡೆಸಿದರು. ಜೇನು ಕೀಳುವವನು ಕಾಡು ಕೆಡಿಸುತ್ತಾನೆ, ಈಜುಕೊಳ ಕಟ್ಟುವವನು ಕಾಡು ಕಾಯುತ್ತಾನೆ! ಈ ಗಣಿತ ಆಂಡೊಹಾಹೇಲದ್ದೂ ಹೌದು, ನಮ್ಮದೂ ಹೌದು. ಅದಕ್ಕೇ ಆ ಕಾಡಿನ ಮಾತು ಈ ಪುಟದಲ್ಲಿ ಬಂತು.

*

'ಹಾಗಾದರೆ ಎಲ್ಲ ಕಡಿದು ಹಾಕಲಿ ಅಂತೀರಾ?' ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಇಲ್ಲ. ಆ ಕಾಡು ಉಳಿಯಲೇಬೇಕು. ಮೊದಲು ಉಳಿಯಬೇಕಾದ್ದು ಅಲ್ಲಿನ ಜನರಿಗಾಗಿ. ಮಂದ್ರಾರೆಗೆ ನೀರು ಸೇರಿಸುವ ತೊರೆಗಳು ಹುಟ್ಟುವುದು ಆ ಬೆಟ್ಟದಲ್ಲಿ. ಮಳೆಕಾಡು ಹೋದರೆ ಪ್ರವಾಸಿಗೆ ಒಂದು ಫೋಟೋ ಕಮ್ಮಿಯಾಗುತ್ತೆ, ಅಂತಂಡ್ರೋಯ್ ರೈತನಿಗೆ ನೀರೇ ಹೋಗುತ್ತೆ.

ಕಾಯುವುದನ್ನು ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಮುಳ್ಳುನಾಡಿನಲ್ಲಿ ಹಿರಿಯರ ಗೋರಿಗಳಿರುವ ಕಾಡಿಗೆ ಕೊಡಲಿ ಹಾಕಕೂಡದು ಎಂಬ ಕಟ್ಟುಪಾಡು ಬೇಲಿಗಿಂತ ಹಳೆಯದು. ಚಿಪ್ಪಿನ ಮೇಲೆ ನಕ್ಷತ್ರ ಬಿಡಿಸಿದಂಥ ಒಂದು ಆಮೆ ಅಲ್ಲಿದೆ. ಅಂತಂಡ್ರೋಯ್ ಜನ ಅದನ್ನು ತಿನ್ನುವುದಿಲ್ಲ, ಮುಟ್ಟುವುದಿಲ್ಲ, ಅದು ಅವರಿಗೆ ನಿಷೇಧ. 2018ರಲ್ಲಿ ತೊಲಿಯಾರಾ ಪಟ್ಟಣದ ಒಂದು ಮನೆಯೊಳಗೆ ಅಂಥ ಸುಮಾರು 10,000 ಆಮೆ ತುಂಬಿಟ್ಟದ್ದು ಸಿಕ್ಕಿತು. ಈ ಆಮೆಗೆ ಗಿರಾಕಿಗಳು ಯಾರು? ಹೊರದೇಶಗಳಲ್ಲಿ ಅದನ್ನು ಶೋಕಿಗೆ ಸಾಕುವ ಹಣವಂತರು.

ಹಾಗಂತ ಊರು ಅಂದರೆ ದೇವರು ಅಂತಲೂ ನಾನು ಹೇಳಲ್ಲ. ಊರು ಅಂದರೇನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮಡಗಾಸ್ಕರಿನಲ್ಲಿ ಗುಲಾಮಗಿರಿ 1896ರಲ್ಲೇ ಕಾನೂನಿನಲ್ಲಿ ಹೋಯಿತು. ಗುಲಾಮರ ಮಕ್ಕಳು ಮೊಮ್ಮಕ್ಕಳಿಗೆ 'ಅಂದೇವು' ಅನ್ನೋ ಹೆಸರು ಇವತ್ತಿಗೂ ಅಂಟಿಕೊಂಡಿದೆ. ದೇಶದ ಎಷ್ಟೋ ಕಡೆ ಅವರಿಗೆ ಹೆಣ್ಣು ಕೊಡಲ್ಲ, ತರಲ್ಲ. ಹಿರಿಯರ ಗೋರಿಯಲ್ಲಿ ಜಾಗವಿಲ್ಲ. ಗೋರಿ ಇಲ್ಲದವನಿಗೆ ಆ ನಾಡಿನಲ್ಲಿ ನೆಲವೂ ಇಲ್ಲ. 1996ರಲ್ಲಿ ಕಾಡಿನ ಆಡಳಿತವನ್ನು ಊರಿನ ಕೂಟಗಳಿಗೆ ಒಪ್ಪಿಸಬಹುದು ಎಂದು ಕಾನೂನು ಬಂತು. ಒಳ್ಳೆಯದೇ. ಆದರೆ ಆ ಕೂಟದ ಚಾಪೆಯ ಮೇಲೆ ಯಾರು ಕೂರುತ್ತಾರೆ, ಯಾರು ಬಾಗಿಲಲ್ಲಿ ನಿಲ್ಲುತ್ತಾರೆ ಅಂತ ಕೇಳದೆ 'ಸಮುದಾಯ, ಸಮುದಾಯ' ಎಂದು ಭಜನೆ ಮಾಡುವವರನ್ನು ನಂಬಬೇಡಿ. ನಮ್ಮ ಪಂಚಾಯ್ತಿ ಕಟ್ಟೆಯನ್ನೂ ಸಮುದಾಯ ಅಂತಲೇ ಕರೆಯುತ್ತಿದ್ದರು.

ಹಕ್ಕು ಕೊಟ್ಟರೆ ಕಾಡು ಹಾಳಾಗುತ್ತೆ ಅಂತ ಹೆದರಿಸುವವರಿಗೆ ನಮ್ಮ ಬಿಳಿಗಿರಿರಂಗನ ಬೆಟ್ಟ ತೋರಿಸಿ. 2006ರ ಅರಣ್ಯ ಹಕ್ಕು ಕಾಯ್ದೆಯ ಕೆಳಗೆ 2011ರಲ್ಲಿ ಅಲ್ಲಿನ ಸೋಲಿಗರ ಗ್ರಾಮಸಭೆಗಳು ಸಮುದಾಯ ಹಕ್ಕುಪತ್ರ ಪಡೆದವು. ಅದು ಹುಲಿ ರಕ್ಷಿತ ಪ್ರದೇಶ. ಹುಲಿ ಓಡಿಹೋಗಲಿಲ್ಲ, ಇನ್ನೂ ಅಲ್ಲೇ ಇದೆ.

*

ಗೆಳೆಯರೇ, ಕಾಡು ನೋಡಲು ಹೋಗಬೇಡಿ ಎಂದು ನಾನು ಹೇಳುವುದಿಲ್ಲ. ಹೋಗಿ. ಆಂಡೊಹಾಹೇಲವಾಗಲಿ, ಬಂಡೀಪುರವಾಗಲಿ. ಆದರೆ ಮಳೆಕಾಡು ಎಲ್ಲಿ ಮುಗಿಯಿತು, ಮುಳ್ಳುಕಾಡು ಎಲ್ಲಿ ಶುರುವಾಯಿತು ಅಂತ ಗೈಡು ತೋರಿಸಿದಾಗ ಅಷ್ಟಕ್ಕೇ ಸುಮ್ಮನಾಗಬೇಡಿ. ಆ ಗೆರೆ ಬೆಟ್ಟ ಎಳೆದದ್ದು, ಗಾಳಿ ಎಳೆದದ್ದು. ಅದರ ಮೇಲೆ ನಮಗೆ ಸಿಟ್ಟಿಲ್ಲ. ಇನ್ನೊಂದು ಗೆರೆ ಇದೆ. ಅದನ್ನು ಮನುಷ್ಯರು ಎಳೆದರು. ಅದನ್ನು ತೋರಿಸು ಅಂತ ಕೇಳಿ. ಇಲ್ಲಿ ಮೊದಲು ದನ ಮೇಯುತ್ತಿದ್ದದ್ದು ಯಾರದು? ಎಬ್ಬಿಸಿದವರಿಗೆ ಎಲ್ಲಿ ನೆಲ ಕೊಟ್ಟರು? ಟಿಕೆಟಿನ ದುಡ್ಡು ಯಾರ ಕೈಗೆ ಹೋಗುತ್ತೆ? ಈ ಮರಕ್ಕೆ ನಿಮ್ಮಜ್ಜಿ ಏನಂತ ಕರೆಯುತ್ತಿದ್ದಳು? ಆ ಗೈಡು ಅಲ್ಲಿನವನೇ ಆಗಿರುತ್ತಾನೆ, ಅವನಿಗೆ ಉತ್ತರ ಗೊತ್ತಿರುತ್ತೆ. ಇಷ್ಟು ದಿನ ಅವನನ್ನು ಯಾರೂ ಕೇಳಿಲ್ಲ ಅಷ್ಟೆ.

ವಿದ್ಯಾರ್ಥಿಗಳೇ, ಪ್ರಕೃತಿ ಶಿಬಿರಕ್ಕೆ ಹೋದಾಗ ಹಕ್ಕಿಗಳ ಪಟ್ಟಿಯ ಜೊತೆ ಎಬ್ಬಿಸಿದ ಹಾಡಿಗಳ ಪಟ್ಟಿಯನ್ನೂ ಬರೆದು ತನ್ನಿ. ಮೇಷ್ಟ್ರೇ, ಕುಮರಿಯ ಪಾಠ ಮಾಡುವ ದಿನ ಲಾರಿಯ ಪಾಠವನ್ನೂ ಮಾಡಿ. ಪರೀಕ್ಷೆಗೆ ಬರುವುದಿಲ್ಲ, ನಿಜ. ಆದರೆ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಬ್ಬ ಹುಡುಗ ಕೂತಿರುತ್ತಾನೆ. ಅವನಪ್ಪನನ್ನು ಯಾರೋ ಕಾಡುಗಳ್ಳ ಅಂದಿರುತ್ತಾರೆ. ಅವನು ತಲೆಯೆತ್ತಿ ನೋಡುತ್ತಾನೆ. ಆ ನೋಟಕ್ಕೆ ಟಿಕೆಟು ಬೇಕಾಗಿಲ್ಲ.